ಪುಟ್ಟಿಗೆ ಡಿಸ್ನಿ ವರ್ಲ್ಡ್ ವಾರ್ಷಿಕ ಪಾಸ್: ವಯಸ್ಸು, ಸರ್‌ನೇಮ್ ಎರಡೂ ತೊಡಕು

ಗೋಪಾಳದಮ್ಮ
ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರು. ಯಜಮಾನರನ್ನು ಕಂಪನಿಯಿಂದ ಎರಡು ವರ್ಷಕ್ಕೆ ಫ್ಲಾರಿಡಾದ ಒರ್ಲ್ಯಾಂಡೊಗೆ ಕಳಿಸುತ್ತಿದ್ದಾರೆ. ಜೂನ್ ಮೊದಲ ವಾರ ಮೂವರೂ ಹೊರಡುತ್ತೇವೆ. ಮಗಳಿಗೆ ಆಗಸ್ಟ್ ಎರಡನೇ ವಾರ ಮೂರು ವರ್ಷ ತುಂಬುತ್ತದೆ.

ಅಲ್ಲಿ ಮನೆಯಿಂದ ಡಿಸ್ನಿ ವರ್ಲ್ಡ್ ಹತ್ತಿರವಂತೆ. ಪುಟ್ಟಿಗೆ ಆನೆ ಅಂದರೆ ಪ್ರಾಣ. ಸಕ್ರೆಬೈಲಿಗೆ ಕರೆದುಕೊಂಡು ಹೋದರೆ ಆನೆ ಸ್ನಾನ ಮುಗಿಯೋವರೆಗೂ ಹೊಳೆದಂಡೆಯಿಂದ ಏಳೋದಿಲ್ಲ. ಹಾರುವ ಆನೆಯ ಆಟದ ಚಿತ್ರ ತೋರಿಸಿದೆ, ಅವತ್ತಿಂದ ದಿನಾ ಅದೇ ಮಾತು. ಹಾಗಾಗಿ ವಾರ್ಷಿಕ ಪಾಸ್ ಮಾಡಿಸೋಣ ಅಂತ ಟಿಕೆಟ್ ಮಾರುವ ಒಂದು ವೆಬ್‌ಸೈಟ್ ಹಿಡಿದು ಎರಡು ರಾತ್ರಿ ಕೂತೆ. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ವಯಸ್ಸು 2 ಅಂತ ಹಾಕಿದರೆ ಫಾರ್ಮ್ ಮುಂದೆ ಹೋಗೋದಿಲ್ಲ. 3 ಅಂತ ಹಾಕಿದರೆ ಹೋಗುತ್ತದೆ, ಆದರೆ ಸುಳ್ಳು ಬರೆಯೋಕೆ ಮನಸ್ಸಿಲ್ಲ. ಇನ್ನೊಂದು, ಸರ್‌ನೇಮ್ ಕಡ್ಡಾಯ ಅನ್ನುತ್ತದೆ. ಪುಟ್ಟಿಯ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು, ಸರ್‌ನೇಮ್ ಜಾಗ ಖಾಲಿ. ವೀಸಾದಲ್ಲಿ ಆ ಹೆಸರೇ ಸರ್‌ನೇಮ್ ಆಗಿ, ಹೆಸರಿನ ಜಾಗಕ್ಕೆ ಎಫ್‌ಎನ್‌ಯು ಅಂತ ಬಂದಿದೆ. ಯಾವುದನ್ನು ಹಾಕಲಿ? ದುಡ್ಡು ಇನ್ನೂ ಕಟ್ಟಿಲ್ಲ.

ಭದ್ರಾವತಿ ಹುಡುಗ
ಅಕ್ಕ, ವಯಸ್ಸಿಗಿಂತ ಎತ್ತರ ನೋಡಿ. ಬಿಡದಿಯ ವಂಡರ್‌ಲಾದಲ್ಲಿ ಎತ್ತರದ ಲೆಕ್ಕ. 85 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಟಿಕೆಟ್ ಬೇಡ, 140ರವರೆಗೆ ಮಕ್ಕಳ ಟಿಕೆಟ್. ನಮ್ಮ ಅಣ್ಣನ ಮಗನನ್ನು ಗೇಟಿನಲ್ಲೇ ನಿಲ್ಲಿಸಿ ಅಳೆದರು. ಅಲ್ಲೂ ಹಾಗೇ ಇರಬೇಕು.

ತುಂಗೆಯ ದಂಡೆ
ತಮ್ಮಾ, ವಂಡರ್‌ಲಾದ ಲೆಕ್ಕ ಸರಿ. ಆದರೆ ಡಿಸ್ನಿ ವರ್ಲ್ಡ್‌ನಲ್ಲಿ ಟಿಕೆಟ್‌ಗೆ ವಯಸ್ಸೇ ಲೆಕ್ಕ. ಎತ್ತರ ನೋಡೋದು ಆಟದ ಸಾಲಿನಲ್ಲಿ ಮಾತ್ರ. ನಾನು ತೀರ್ಥಹಳ್ಳಿಯವಳು, ಒರ್ಲ್ಯಾಂಡೊದಲ್ಲಿ ಮೂರು ವರ್ಷ ಇದ್ದು ಬಂದಿದ್ದೇನೆ.

ಗೋಪಾಳದಮ್ಮ, ನಿಮ್ಮ ಫಾರ್ಮ್ ಕೆಟ್ಟಿಲ್ಲ. ಮೂರು ತುಂಬದ ಮಗುವಿಗೆ ಅಲ್ಲಿ ಪ್ರವೇಶ ಪುಕ್ಕಟೆ, ಪಾಸೇ ಬೇಡ. ಮುಂಗಡ ಬುಕಿಂಗೂ ಬೇಡ. ಈಗಲೇ ತಗೊಂಡು, ಹೋದ ಕೂಡಲೇ ಚಾಲೂ ಮಾಡಿಸಿದರೆ ಜೂನ್, ಜುಲೈ ಎರಡು ತಿಂಗಳ ದುಡ್ಡು ಸುಮ್ನೆ ಹೋಗುತ್ತದೆ. ಪಾಸಿನ ವರ್ಷ ಶುರುವಾಗೋದು ದುಡ್ಡು ಕಟ್ಟಿದ ದಿನದಿಂದ ಅಲ್ಲ, ಅಲ್ಲಿ ಹೋಗಿ ಚಾಲೂ ಮಾಡಿಸಿದ ದಿನದಿಂದ. ಹುಟ್ಟುಹಬ್ಬ ಆದಮೇಲೆ ಚಾಲೂ ಮಾಡಿಸಿ, ಮುಂದಿನ ಆಗಸ್ಟ್‌ವರೆಗೂ ಬರುತ್ತದೆ.

ಒಂದು ವಿಷಯ ಮೊದಲೇ ಗೊತ್ತಿರಲಿ. ದಿನದ ಟಿಕೆಟ್‌ನಲ್ಲಿ 3ರಿಂದ 9 ವರ್ಷದವರಿಗೆ ಮಕ್ಕಳ ದರ ಇದೆ. ವಾರ್ಷಿಕ ಪಾಸ್‌ನಲ್ಲಿ ಇಲ್ಲ. ಮೂರು ವರ್ಷದ ಮಗುವಿಗೂ ಅಪ್ಪನಿಗೂ ಒಂದೇ ಬೆಲೆ. ಯಾವುದಾದರೂ ಸೈಟ್ ಮಕ್ಕಳ ವಾರ್ಷಿಕ ಪಾಸ್ ಅಂತ ಕಡಿಮೆ ದರ ತೋರಿಸಿದರೆ ಕೈ ಹಾಕಬೇಡಿ. ಡಿಸ್ನಿಯ ಸ್ವಂತ ವೆಬ್‌ಸೈಟ್‌ನಲ್ಲೇ ತಗೊಳ್ಳಿ.

ಗೋಪಾಳದಮ್ಮ
ಅಯ್ಯೋ, ನಾನು ನೋಡಿದ ಸೈಟ್‌ನಲ್ಲಿ ಮಕ್ಕಳ ದರ ಅಂತಲೇ ಇತ್ತು ಅಕ್ಕ. ಒಳ್ಳೇ ಸಮಯಕ್ಕೆ ಹೇಳಿದಿರಿ. ಹಾಗಾದರೆ ಅವಳೊಬ್ಬಳಿಗೇ ಪಾಸ್ ಮಾಡಿಸಿ, ನಾವು ಹೋದಾಗ ಹೋದಾಗ ಟಿಕೆಟ್ ತಗೊಂಡರೆ ಆಗೋದಿಲ್ವಾ?

ತುಂಗೆಯ ದಂಡೆ
ಆಗುತ್ತದೆ, ಆದರೆ ನಷ್ಟ. 14 ವರ್ಷದೊಳಗಿನ ಮಕ್ಕಳ ಜೊತೆ 14 ತುಂಬಿದವರು ಒಬ್ಬರು ಇರಲೇಬೇಕು. ಪುಟ್ಟಿ ಹೋದ ಪ್ರತಿಸಲ ನಿಮಗೊಂದು ಟಿಕೆಟ್ ಬೇಕಲ್ವಾ? ಹಾಗಾಗಿ ಮೊದಲು ನಿಮ್ಮ ಪಾಸ್ ಮಾಡಿಸಿ. ಆಗಸ್ಟ್‌ವರೆಗೆ ಪುಟ್ಟಿ ನಿಮ್ಮ ಜೊತೆ ಪುಕ್ಕಟೆ ಬರುತ್ತಾಳೆ. ಅಷ್ಟರಲ್ಲಿ ಅವಳಿಗೆ ನಿಜವಾಗಲೂ ಇಷ್ಟವೋ, ಬಿಸಿಲಿಗೆ ಅಳುತ್ತಾಳೋ ಅಂತಲೂ ಗೊತ್ತಾಗುತ್ತದೆ. ಅಲ್ಲಿಯ ಜುಲೈ ನಮ್ಮ ಮಳೆಗಾಲದಂತೆ ತಂಪಿಲ್ಲ. ಬೆವರು ಸುರಿಯುತ್ತದೆ, ಮಧ್ಯಾಹ್ನ ಗುಡುಗು ಮಳೆ.

ಪಾಸ್‌ನಲ್ಲಿ ನಾಲ್ಕು ಬಗೆ. ಎಲ್ಲಕ್ಕಿಂತ ಅಗ್ಗದ್ದು ಪಿಕ್ಸಿ ಡಸ್ಟ್, ಅದು ಫ್ಲಾರಿಡಾ ನಿವಾಸಿಗಳಿಗೆ ಮಾತ್ರ. ಶನಿವಾರ, ಭಾನುವಾರ, ಹಬ್ಬದ ರಜೆಗಳಲ್ಲಿ ನಡೆಯೋದಿಲ್ಲ. ಎಲ್ಲರಿಗೂ ಸಿಗುವುದು ಇನ್‌ಕ್ರೆಡಿ ಪಾಸ್, ಅದರ ಬೆಲೆ ಬಹಳ ಜಾಸ್ತಿ. ಅದಕ್ಕೇ ಶಿವಮೊಗ್ಗದಲ್ಲಿ ಕೂತು ಏನೂ ತಗೋಬೇಡಿ. ಅಲ್ಲಿ ಹೋಗಿ ಫ್ಲಾರಿಡಾದ ಲೈಸೆನ್ಸ್ ಅಥವಾ ರಾಜ್ಯದ ಗುರುತಿನ ಚೀಟಿ ಮಾಡಿಸಿಕೊಳ್ಳಿ. ಮಗುವಿಗೆ ಅಪ್ಪ ಅಮ್ಮನ ವಿಳಾಸದ ದಾಖಲೆಯೇ ಸಾಕು. ಯಜಮಾನರು ಆಫೀಸಿಗೆ ಹೋದ ದಿನ ನೀವಿಬ್ಬರೇ ಹೋಗುವುದಾದರೆ ಪಿಕ್ಸಿ ಡಸ್ಟ್ ಧಾರಾಳ. ಮೂವರೂ ಭಾನುವಾರ ಹೋಗಬೇಕು ಅಂದರೆ ಅದು ಬೇಡ. ಪಾಸ್ ಇದ್ದರೂ ಕೆಲವು ದಿನಕ್ಕೆ ಮುಂಗಡ ಬುಕ್ ಮಾಡಬೇಕು, ನೆನಪಿರಲಿ.

ಹೆಸರಿನ ವಿಷಯ. ನನ್ನ ಮಗನದ್ದೂ ಒಂದೇ ಹೆಸರು, ಇದೇ ಎಫ್‌ಎನ್‌ಯು. ಅದು ಹೆಸರಲ್ಲ, ಮೊದಲ ಹೆಸರು ಗೊತ್ತಿಲ್ಲ ಅನ್ನುವ ಗುರುತು. ಅದನ್ನು ಪಾಸ್‌ಗೆ ಹಾಕಬೇಡಿ. ನಾವು ಮೊದಲ ಜಾಗದಲ್ಲಿ ಅವನ ಹೆಸರು, ಕೊನೆಯ ಜಾಗದಲ್ಲಿ ಅಪ್ಪನ ಹೆಸರು ಹಾಕಿದೆವು. ಅವನನ್ನು ನನ್ನ ಖಾತೆಯಲ್ಲೇ ಮನೆಯವರ ಪಟ್ಟಿಗೆ ಸೇರಿಸಿದೆ. ಮಗುವಿಗೆ ಬೇರೆ ಇಮೇಲ್ ಬೇಕಾಗಲಿಲ್ಲ. ವಿಮಾನದ ಟಿಕೆಟ್ ಮಾತ್ರ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇರಲಿ, ಅಲ್ಲಿ ಈ ಉಪಾಯ ಮಾಡಬೇಡಿ.

ಭದ್ರಾವತಿ ಹುಡುಗ
ತಪ್ಪು ಹೇಳಿದ್ದಕ್ಕೆ ಕ್ಷಮಿಸಿ ಅಕ್ಕ. ಪುಟ್ಟಿ ಎಷ್ಟು ಎತ್ತರ ಇದ್ದಾಳೆ? ಆಟಕ್ಕೆ ಬೇಕಾಗುತ್ತದಲ್ಲ.

ಗೋಪಾಳದಮ್ಮ
ಅಜ್ಜನ ಮನೆಯ ಕಂಬಕ್ಕೆ ಒರಗಿಸಿ ಪೆನ್ಸಿಲ್ ಗೆರೆ ಎಳೆದು ಅಳೆದೆವು. 91 ಸೆಂಟಿಮೀಟರ್.

ತುಂಗೆಯ ದಂಡೆ
ಹಾರುವ ಆನೆ ಡಂಬೊಗೆ ಎತ್ತರದ ಮಿತಿಯೇ ಇಲ್ಲ, ನಿಮ್ಮ ತೊಡೆಯ ಪಕ್ಕ ಕೂರಿಸಿಕೊಳ್ಳಿ. ಬಾರ್ನ್‌ಸ್ಟಾರ್ಮರ್ ಅನ್ನುವ ಪುಟ್ಟ ರೋಲರ್ ಕೋಸ್ಟರ್‌ಗೆ 89 ಬೇಕು, ಈಗಲೇ ಆಯ್ತು. ಏಳು ಕುಬ್ಜರ ಗಣಿ ರೈಲಿಗೆ 97, ಇನ್ನೂ ಆರು ಸೆಂಟಿಮೀಟರ್ ಬೆಳೆಯಬೇಕು. ಅಲ್ಲಿ ರೈಡರ್ ಸ್ವಿಚ್ ಕೇಳಿ. ಒಬ್ಬರು ಪುಟ್ಟಿಯನ್ನು ನೋಡಿಕೊಂಡರೆ ಇನ್ನೊಬ್ಬರು ಕೂತು ಬರಬಹುದು, ಆಮೇಲೆ ಅದಲುಬದಲು. ಎರಡನೆಯವರು ಪೂರ್ತಿ ಸಾಲು ನಿಲ್ಲಬೇಕಿಲ್ಲ.

ಗೋಪಾಳದಮ್ಮ (ಆಗಸ್ಟ್ ಕೊನೆಯಲ್ಲಿ)
ಅಕ್ಕ, ಎಲ್ಲ ನೀವು ಹೇಳಿದ ಹಾಗೇ ಮಾಡಿದೆವು. ಲೈಸೆನ್ಸ್ ಬಂದ ಮೇಲೆ ಜುಲೈನಲ್ಲಿ ನನಗೆ ಪಿಕ್ಸಿ ಡಸ್ಟ್ ತಗೊಂಡೆ. ಪುಟ್ಟಿ ಮೂರು ಸಲ ಪುಕ್ಕಟೆ ಬಂದಳು. ಹುಟ್ಟುಹಬ್ಬದ ಮಾರನೇ ವಾರ ಅವಳದ್ದೂ ಆಯ್ತು, ಹೆಸರಿಗೆ ಒಂದು ಪ್ರಶ್ನೆಯೂ ಬರಲಿಲ್ಲ. ಯಜಮಾನರಿಗೆ ಪಾಸ್ ಮಾಡಿಸಿಲ್ಲ, ಅವರು ರಜೆ ಹಾಕಿದ ದಿನ ಟಿಕೆಟ್ ತಗೊಳ್ಳುತ್ತಾರೆ. ಇಲ್ಲಿನ ಬಾಗಿಲ ಚೌಕಟ್ಟಿಗೂ ಒಂದು ಪೆನ್ಸಿಲ್ ಗೆರೆ ಎಳೆದಿದ್ದೇವೆ. 93.