‘ಸಿನರ್ಜಿ’ಗೆ ‘ಹೊಂದಾಣಿಕೆ’ ಸಾಕೇ?

ಗೆಳೆಯರೇ,

ಲೀಗ್ ಆಫ್ ಲೆಜೆಂಡ್ಸ್ ಎಂಬ ಕಂಪ್ಯೂಟರ್ ಆಟಕ್ಕೆ ಹೊಸದಾಗಿ ಬರುವವರಿಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಜೆರಾತ್ ಎಂಬ ಮಾಂತ್ರಿಕನ ಪುಟದಲ್ಲಿ ಒಂದು ಪದಕ್ಕೆ ಸಿಕ್ಕಿಕೊಂಡಿದ್ದೇನೆ. ಆಡುವವರೆಲ್ಲ ‘ಸಿನರ್ಜಿ’ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ?

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಐದೈದು ಜನರ ಎರಡು ತಂಡ. ಜೆರಾತ್ ತುಂಬಾ ದೂರದಿಂದ ಹೊಡೆಯುತ್ತಾನೆ. ಆದರೆ ಆ ಹೊಡೆತ ಆಳನ್ನು ಹುಡುಕಿಕೊಂಡು ಹೋಗುವುದಿಲ್ಲ, ಗುರಿಯಿಟ್ಟ ಜಾಗಕ್ಕೇ ಬೀಳುತ್ತದೆ. ಎದುರಾಳಿ ಪಕ್ಕಕ್ಕೆ ಒಂದು ಹೆಜ್ಜೆ ಸರಿದರೆ ಮಂತ್ರ ಮಣ್ಣುಪಾಲು. ಯಾರಾದರೂ ಮೈಮೇಲೆ ಬಂದರೆ ಚಂಗನೆ ಹಾರಿ ತಪ್ಪಿಸಿಕೊಳ್ಳುವ ವಿದ್ಯೆಯೂ ಅವನಿಗಿಲ್ಲ. ಕೊನೆಯ ದೊಡ್ಡ ಮಂತ್ರ ಹಾಕುವಾಗಲಂತೂ ನಿಂತಲ್ಲೇ ನಿಂತಿರಬೇಕು. ಅವನ ತಂಡದಲ್ಲೇ ಆಡಬಹುದಾದ ಲಿಯೋನಾ ಎಂಬ ಯೋಧೆಯ ರೀತಿಯೇ ಬೇರೆ. ಗುರಾಣಿ ಹಿಡಿದು ನುಗ್ಗಿ, ಎದುರಾಳಿ ಕದಲದಂತೆ ಮಾಡುತ್ತಾಳೆ. ಅವನು ನಿಂತ ಆ ಕ್ಷಣದಲ್ಲಿ ಜೆರಾತನ ಹೊಡೆತ ನೆಟ್ಟಗೆ ಬಡಿಯುತ್ತದೆ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾರೆ. ಆ ತುಂಬುವಿಕೆಗೇ ನನಗೆ ಪದ ಬೇಕಾಗಿರುವುದು.

‘ಹೊಂದಾಣಿಕೆ’ ಮೊದಲು ಹೊಳೆಯಿತು. ಆದರೆ ನಾವು ಅದನ್ನು ಎಲ್ಲಿ ಬಳಸುತ್ತೇವೆ ನೋಡಿ. ಮನೆಯಲ್ಲಿ, ಆಫೀಸಿನಲ್ಲಿ ‘ಸ್ವಲ್ಪ ಹೊಂದಿಕೊಂಡು ಹೋಗು’ ಅನ್ನುತ್ತೇವೆ, ಅಲ್ವಾ? ಅಲ್ಲಿ ಏನನ್ನೋ ಬಿಟ್ಟುಕೊಡುವ ಅರ್ಥ ಜಾಸ್ತಿ. ಲಿಯೋನಾ ಏನನ್ನೂ ಬಿಟ್ಟುಕೊಡುತ್ತಿಲ್ಲ. ‘ಒಗ್ಗಟ್ಟು’ ಮನಸ್ಸಿಗೆ ಸೇರಿದ್ದು. ಐವರಲ್ಲಿ ಒಗ್ಗಟ್ಟು ಎಷ್ಟಿದ್ದರೂ, ಐವರೂ ದೂರದಿಂದಲೇ ಹೊಡೆಯುವವರಾದರೆ ಮುಂದೆ ನಿಲ್ಲುವವರೇ ಇರುವುದಿಲ್ಲ.

ನಮ್ಮ ಊರ ಕಡೆಯ ‘ಮುಯ್ಯಾಳು’ ನೆನಪಾಯಿತು. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಬಹಳ ಚೆಂದದ ಪದ. ಆದರೆ ಅದರಲ್ಲಿ ಸರದಿ ಇದೆ, ಇಲ್ಲಿ ಎರಡೂ ಒಂದೇ ಗಳಿಗೆಯಲ್ಲಿ ಆಗಬೇಕು. ಯಕ್ಷಗಾನದ ಹಿಮ್ಮೇಳ, ಮುಮ್ಮೇಳ ಹತ್ತಿರ ಬರುತ್ತವೆ. ಹಿಂದೆ ನಿಲ್ಲುವ ಜೆರಾತನಿಗೂ ಮುಂದೆ ನುಗ್ಗುವ ಲಿಯೋನಾಗೂ ಆ ಹೆಸರುಗಳನ್ನೇ ಕೊಡಬಹುದೇನೋ. ಆದರೆ ಅವು ಜಾಗವನ್ನು ಹೇಳುತ್ತವೆ, ನಡುವಿನ ನಂಟನ್ನಲ್ಲ.

ಸದ್ಯಕ್ಕೆ ನನಗೆ ತುಂಬಾ ಹಿಡಿಸಿರುವುದು ‘ಒದಗು’. ‘ಕಷ್ಟಕಾಲಕ್ಕೆ ಒದಗಿದ’ ಅನ್ನುತ್ತೇವಲ್ಲ, ಅದೇ. ‘ಜೆರಾತನಿಗೆ ಲಿಯೋನಾ ಚೆನ್ನಾಗಿ ಒದಗುತ್ತಾಳೆ’ ಎಂದು ಬರೆದು, ಜೊತೆಗೆ ಆಡುವ ತಮ್ಮನಿಗೆ ಓದಿ ಹೇಳಿದೆ. ಅವನು ಮರುಪ್ರಶ್ನೆ ಹಾಕದೆ, ಆಟದ ಇನ್ನೊಬ್ಬ ಮಾಂತ್ರಿಕೆಯನ್ನು ನೆನೆದು ‘ಮಾರ್ಗಾನಾ ಕೂಡ ಒದಗ್ತಾಳೆ, ಕಟ್ಟಿ ಹಾಕ್ತಾಳಲ್ಲ’ ಅಂದ. ಕ್ರಿಯಾಪದವಾಗಿ ಸುಮ್ನೆ ಸಲೀಸಾಗಿ ಓಡುತ್ತದೆ.

ತೊಡಕು ಇರುವುದು ನಾಮಪದದಲ್ಲಿ. ‘ಒದಗುವಿಕೆ’ ಸರ್ಕಾರಿ ಸುತ್ತೋಲೆಯ ಹಾಗೆ ಕೇಳುತ್ತದೆ. ‘ಒದಗು’ ಎಂಬುದನ್ನೇ ನಾಮಪದವಾಗಿ, ‘ಇವರಿಬ್ಬರ ಒದಗು ಚೆನ್ನಾಗಿದೆ’ ಎಂಬಂತೆ, ನಿಮ್ಮ ಕಡೆ ಯಾರಾದರೂ ಆಡುತ್ತಾರಾ? ಉತ್ತರ ಕರ್ನಾಟಕದವರು ಇಂಥ ಕಡೆ ‘ಸಾಥ್’ ಅನ್ನುತ್ತಾರೋ, ಬೇರೆ ಮಾತಿದೆಯೋ? ನೀವು ಕೇಳಿದ ವಾಕ್ಯವನ್ನು ಹಾಗೇ ಬರೆದು ಕಳಿಸಿ.