ಟೆಸ್ಟ್‌ನಲ್ಲಿ ಪಾಸ್, ಬಳಕೆಯಲ್ಲಿ ಫೇಲ್: ಮೈಕ್ರೋ ಸ್ವಿಚ್ ಬಾಳಿಕೆ ಪರೀಕ್ಷೆಯಲ್ಲಿ ಏನು ಬಿಟ್ಟುಹೋಗಿದೆ?

ಲಾಕ್‌ನಟ್:
ಎಲ್ಲರಿಗೂ ನಮಸ್ಕಾರ. ನಮ್ಮ ಯಂತ್ರದ ಬಾಗಿಲು ಮುಚ್ಚಿದೆಯಾ ಅಂತ ತಿಳಿಯಲು ಒಂದು ಮೈಕ್ರೋ ಸ್ವಿಚ್ ಇದೆ. ಬಳಕೆಗೆ ಹೋದ ಕೆಲವೇ ತಿಂಗಳಲ್ಲಿ, ಬಾಗಿಲು ಮುಚ್ಚಿದ್ದರೂ 'ತೆರೆದಿದೆ' ಅಂತ ತೋರಿಸುತ್ತಿದೆ. ಕೆಲವೊಮ್ಮೆ ಮಾತ್ರ, ಎಲ್ಲ ಯಂತ್ರಗಳಲ್ಲೂ ಅಲ್ಲ.

ಮೊದಲೇ ಪರೀಕ್ಷೆ ಮಾಡಿದ್ದೆವು. 10 ಸ್ವಿಚ್, ತಲಾ 1 ಲಕ್ಷ ಸಲ, ಸೆಕೆಂಡಿಗೆ ಎರಡು ಸಲದಂತೆ. ಲೋಡ್ (ಸ್ವಿಚ್ ಮೂಲಕ ಹರಿಸಿದ ವಿದ್ಯುತ್) 24 ವೋಲ್ಟ್, 2 ಆಂಪಿಯರ್. ಒಂದೂ ಕೆಡಲಿಲ್ಲ. ವಾಪಸ್ ಬಂದ ಸ್ವಿಚ್‌ಗಳನ್ನು ಒತ್ತಿ ಒತ್ತಿ ಮಲ್ಟಿಮೀಟರ್‌ನಲ್ಲಿ ನೋಡಿದರೆ ಅವೂ ಸರಿಯಾಗಿಯೇ ಇವೆ. ಸೈಕಲ್ (ಒತ್ತಿ ಬಿಡುವ ಸಂಖ್ಯೆ) 5 ಲಕ್ಷಕ್ಕೆ ಏರಿಸಿದರೆ ದೋಷ ಸಿಗಬಹುದಾ?

ಡಯಲ್‌ಗೇಜ್:
ಸೈಕಲ್ ಏರಿಸುವ ಮುಂಚೆ ಎರಡು ವಿಷಯ ಹೇಳಿ. ನಿಜವಾದ ಬಳಕೆಯಲ್ಲಿ ಆ ಸ್ವಿಚ್ ಮೂಲಕ ಎಷ್ಟು ಕರೆಂಟ್ ಹರಿಯುತ್ತದೆ? ಕಾಂಟ್ಯಾಕ್ಟ್ (ಸ್ವಿಚ್ ಒಳಗೆ ಒಂದಕ್ಕೊಂದು ತಾಗುವ ಲೋಹದ ತುದಿ) ಬೆಳ್ಳಿಯದಾ, ಚಿನ್ನದ ಲೇಪದ್ದಾ?

ಲಾಕ್‌ನಟ್:
5 ವೋಲ್ಟ್, ಸುಮಾರು 1 ಮಿಲಿಆಂಪಿಯರ್. ನೇರ ಕಂಟ್ರೋಲರ್‌ನ ಇನ್‌ಪುಟ್‌ಗೆ ಹೋಗುತ್ತದೆ. ಕಾಂಟ್ಯಾಕ್ಟ್ ಬೆಳ್ಳಿಯದು. ಬಾಗಿಲು ದಿನಕ್ಕೆ ನಾಲ್ಕೈದು ಸಲ ತೆರೆದರೆ ಹೆಚ್ಚು.

ಡಯಲ್‌ಗೇಜ್:
ಹಾಗಿದ್ರೆ 50 ಲಕ್ಷ ಸಲ ಒತ್ತಿದರೂ ಈ ದೋಷ ಸಿಗೋದು ಅನುಮಾನ. ನಿಮ್ಮ ಪರೀಕ್ಷೆಯೇ ಕಾಂಟ್ಯಾಕ್ಟನ್ನು ಸ್ವಚ್ಛ ಮಾಡುತ್ತಿದೆ.

ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಬೆಳ್ಳಿಯ ಮೇಲೆ ಕಪ್ಪು ಪದರ ಕಟ್ಟುತ್ತದೆ. ಮನೆಯ ಬೆಳ್ಳಿ ದೀಪ ಕಪ್ಪಾಗುವುದೂ ಹೀಗೆಯೇ. 2 ಆಂಪಿಯರ್ ಹರಿಯುವಾಗ ಪ್ರತಿ ಸಲ ಸಣ್ಣ ಆರ್ಕ್ (ವಿದ್ಯುತ್ ಕಿಡಿ) ಹುಟ್ಟಿ ಆ ಪದರವನ್ನು ಸುಟ್ಟುಹಾಕುತ್ತದೆ. 1 ಮಿಲಿಆಂಪಿಯರ್‌ಗೆ ಆ ಶಕ್ತಿ ಇಲ್ಲ. ಜೊತೆಗೆ ಸೆಕೆಂಡಿಗೆ ಎರಡು ಸಲ ಉಜ್ಜುತ್ತಿದ್ದರೆ ಪದರ ಕಟ್ಟೋಕೆ ಸಮಯವಾದರೂ ಎಲ್ಲಿದೆ? ಬಳಕೆಯಲ್ಲಿ ಸ್ವಿಚ್ ಗಂಟೆಗಟ್ಟಲೆ ಸುಮ್ನೆ ಕೂತಿರುತ್ತದೆ. ಕೆಡುವುದು ಆ ಹೊತ್ತಿನಲ್ಲೇ. ಲೋಡ್, ವೇಗ ಎರಡನ್ನೂ ಏರಿಸಿ ಪರೀಕ್ಷೆ ಕಠಿಣ ಮಾಡಿದ ಹಾಗೆ ಕಾಣುತ್ತದೆ, ಆದರೆ ಈ ದೋಷದ ಮಟ್ಟಿಗೆ ಅದು ಸುಲಭವಾಗಿದೆ.

ಡೇಟಾಶೀಟ್‌ನಲ್ಲಿ ಗರಿಷ್ಠ ಲೋಡ್ ಜೊತೆ ಕನಿಷ್ಠ ಲೋಡ್ ಕೂಡ ಕೊಟ್ಟಿರುತ್ತಾರೆ. ಅದನ್ನು ದಯವಿಟ್ಟು ನೋಡಿ.

ಇನ್ನೊಂದು ಮಾತು, ಇದು ತುಂಬಾ ಮುಖ್ಯ. ವಾಪಸ್ ಬಂದ ಸ್ವಿಚ್ಚನ್ನು ಒತ್ತಿ ನೋಡಬೇಡಿ. ಒತ್ತಿದರೆ ಪದರ ಉಜ್ಜಿಹೋಗುತ್ತದೆ, ಸಾಕ್ಷಿಯೇ ಅಳಿಸಿಹೋಗುತ್ತದೆ. ಬಾಗಿಲು ಮುಚ್ಚಿದ ಸ್ಥಿತಿಯಲ್ಲೇ ಲಿವರ್‌ಗೆ ಕ್ಲಿಪ್ ಹಾಕಿ ಬಿಚ್ಚಿ ತನ್ನಿ. ಆಮೇಲೆ ನಾಲ್ಕು ತಂತಿಯ ವಿಧಾನದಲ್ಲಿ (ಕರೆಂಟ್ ಹರಿಸಲು ಎರಡು ತಂತಿ, ವೋಲ್ಟೇಜ್ ಅಳೆಯಲು ಬೇರೆ ಎರಡು), ತೆರೆದ ವೋಲ್ಟೇಜ್ (ಏನೂ ಜೋಡಿಸದಿದ್ದಾಗ ಮೀಟರ್ ಕೊಡುವ ವೋಲ್ಟೇಜ್) 20 ಮಿಲಿವೋಲ್ಟ್ ಮೀರದಂತೆ, ರೆಸಿಸ್ಟೆನ್ಸ್ ಅಳೆಯಿರಿ. ಸಾಮಾನ್ಯ ಮಲ್ಟಿಮೀಟರ್ ಅದಕ್ಕಿಂತ ತುಂಬಾ ಜಾಸ್ತಿ ವೋಲ್ಟೇಜ್ ಕೊಡುತ್ತದೆ. ತೆಳು ಪದರವಾದರೆ ಅದರಿಂದಲೇ ತೂತಾಗಿ, ಎಲ್ಲ ಸರಿ ಅಂತ ತೋರಿಸಬಹುದು.

ಲಾಕ್‌ನಟ್:
ಒತ್ತದೆ ಅಳೆದೆವು ಸರ್. ಹೊಸ ಸ್ವಿಚ್‌ಗಳು ಮಿಲಿಓಮ್‌ಗಳಲ್ಲಿವೆ. ವಾಪಸ್ ಬಂದವುಗಳಲ್ಲಿ ಕೆಲವು ನೂರಾರು ಓಮ್ ತೋರಿಸಿದವು. ಅವನ್ನೇ ನಾಲ್ಕು ಸಲ ಒತ್ತಿ ಅಳೆದರೆ ಮತ್ತೆ ಮಿಲಿಓಮ್‌ಗೆ ಇಳಿದವು! ಹೊಸ ಪರೀಕ್ಷೆ ಹೇಗೆ ಬರೆಯಲಿ?

ಡಯಲ್‌ಗೇಜ್:
ಕಾರಣ ಸಿಕ್ಕಿತು ಅಲ್ವಾ. ಈಗ ಪರೀಕ್ಷೆಯನ್ನು ಅದರ ಸುತ್ತ ಕಟ್ಟಿ. ಲೋಡ್ 5 ವೋಲ್ಟ್, 1 ಮಿಲಿಆಂಪಿಯರ್ ಮಾತ್ರ. ಸ್ವಲ್ಪ ಸೈಕಲ್, ಆಮೇಲೆ ದೀರ್ಘ ವಿರಾಮ, ವಿರಾಮದ ನಂತರದ ಮೊದಲ ಒತ್ತುವಿಕೆಯನ್ನು ತಪ್ಪದೆ ದಾಖಲಿಸಿ. ಈ ದೋಷ ಹೆಚ್ಚಾಗಿ ಕಾಣಿಸುವುದು ಆ ಮೊದಲ ಸಲವೇ. ವಿರಾಮವನ್ನು ಗಂಧಕದ ಆವಿ ಮತ್ತು ತೇವ ಇರುವ ಮುಚ್ಚಿದ ಪೆಟ್ಟಿಗೆಯಲ್ಲಿ ಕಳೆಯಬೇಕು. ಬರೀ ತೇವಾಂಶದ ಚೇಂಬರ್ ಸಾಲದು, ಅದರಲ್ಲಿ ಗಂಧಕವೇ ಇರುವುದಿಲ್ಲ.

ಫೇಲ್ ಅಂದರೆ ಏನು ಅಂತ ಶುರುವಿಗೆ ಮುಂಚೆಯೇ ಬರೆದಿಡಿ. ನನ್ನ ಪ್ರಕಾರ, ಮುಚ್ಚಿದ ಮೇಲೂ ಕಂಟ್ರೋಲರ್ ಒಂದೇ ಒಂದು ಸಲ 'ತೆರೆದಿದೆ' ಎಂದು ಓದಿದರೂ ಅದು ಫೇಲ್. ಮುಂದಿನ ಸಲ ಸರಿಯಾಯಿತು ಅಂತ ಬಿಡಬಾರದು. ಮೊದಲು ಈಗಿನ ಬೆಳ್ಳಿ ಸ್ವಿಚ್‌ಗಳನ್ನೇ ಹಾಕಿ. ಅವು ಕೆಡದಿದ್ದರೆ ಪರೀಕ್ಷೆ ಇನ್ನೂ ಸರಿಯಾಗಿಲ್ಲ ಅಂತಲೇ ಅರ್ಥ.

ಸ್ಟಡ್‌ಬೋಲ್ಟ್:
ಸ್ಯಾಂಪಲ್ ಸಂಖ್ಯೆ ಬಗ್ಗೆ ಒಂದು ಮಾತು ಸೇರಿಸ್ತೀನಿ. 10ಕ್ಕೆ 10 ಪಾಸ್ ಆದರೂ, 90% ಭರವಸೆಯಿಂದ ಹೇಳಬಹುದಾದದ್ದು 'ಕನಿಷ್ಠ 79% ಸ್ವಿಚ್ ಬಾಳುತ್ತವೆ' ಅಂತ ಮಾತ್ರ. ಅದೇ ಭರವಸೆಯಲ್ಲಿ 90% ಬಾಳುತ್ತವೆ ಅನ್ನೋಕೆ 22 ಸ್ಯಾಂಪಲ್ ಬೇಕು, ಒಂದೂ ಕೆಡಬಾರದು. ಸವೆತದ ದೋಷವಾಗಿದ್ದು ವೈಬುಲ್ ಬೀಟಾ (ಸಮಯ ಕಳೆದಂತೆ ಕೆಡುವ ಪ್ರಮಾಣ ಹೇಗೆ ಬದಲಾಗುತ್ತದೆ ಎಂದು ಹೇಳುವ ಸಂಖ್ಯೆ) 2 ಅಂತ ಗೊತ್ತಿದ್ದರೆ, ಎರಡು ಪಟ್ಟು ಆಯುಸ್ಸಿಗೆ ಓಡಿಸಿ 6 ಸ್ಯಾಂಪಲ್‌ನಲ್ಲೇ ಮುಗಿಸಬಹುದು. ಆದರೆ ಆ ಬೀಟಾ ನಿಮ್ಮದೇ ಕೆಟ್ಟ ಸ್ಯಾಂಪಲ್‌ಗಳಿಂದ ಬರಬೇಕು. ಸುಮ್ನೆ ಊಹಿಸಿ ಹಾಕಬೇಡಿ. ಅದಕ್ಕೇ ಒಂದಷ್ಟು ಸ್ವಿಚ್‌ಗಳನ್ನು ಕೆಡುವ ತನಕ ಓಡಿಸಿ.

ಲಾಕ್‌ನಟ್:
ತುಂಬಾ ಉಪಕಾರವಾಯಿತು. ಬೆಳ್ಳಿಯವು ಒಂದು ಗುಂಪು, ಚಿನ್ನದ ಲೇಪದವು ಒಂದು ಗುಂಪು, ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡುತ್ತೇವೆ.

ಡಯಲ್‌ಗೇಜ್:
ಒಳ್ಳೆಯದು. ಚಿನ್ನದವನ್ನು ಮಾತ್ರ ಹಳೆಯ 2 ಆಂಪಿಯರ್ ಫಿಕ್ಸ್ಚರ್‌ಗೆ (ಸ್ವಿಚ್ ಕೂರಿಸಿ ಪರೀಕ್ಷಿಸುವ ಸಾಧನಕ್ಕೆ) ಒಂದು ಸಲವೂ ಹಾಕಬೇಡಿ. ಆರ್ಕ್‌ಗೆ ಲೇಪ ಸುಟ್ಟುಹೋದರೆ ಮತ್ತೆ ಬೆಳ್ಳಿ ಸ್ವಿಚ್ಚನ್ನೇ ಪರೀಕ್ಷಿಸಿದಂತಾಗುತ್ತದೆ.