ಹಳೆ ಸೇತುವೆಯ ತುದಿಗೆ ಕ್ರ್ಯಾಶ್ ಬ್ಯಾರಿಯರ್ ಜೋಡಿಸುವುದು ಹೇಗೆ?

ಮುಳ್ಳೇರಿಯ ಸೈಟ್:
ತೋಡಿನ ಮೇಲಿನ ಹಳೆ ಸೇತುವೆ. ಪ್ಯಾರಾಪೆಟ್ (ಸೇತುವೆ ಅಂಚಿನ ತಡೆಗೋಡೆ) 20 ಸೆಂ.ಮೀ. ದಪ್ಪ. ಡಬ್ಲ್ಯೂ ಬೀಮ್ (ರಸ್ತೆ ಬದಿಯ ಬ್ಯಾರಿಯರಿನ ಅಲೆಯಾಕಾರದ ಉಕ್ಕಿನ ಪಟ್ಟಿ) ಅದನ್ನು ಮುಟ್ಟದೆ ಒಂದೂವರೆ ಮೀಟರ್ ಮೊದಲೇ ಮುಗಿದಿದೆ, ಪೋಸ್ಟು 2 ಮೀಟರಿಗೊಂದು. ನಡುವೆ ಒಂದು ತುಂಡು ಬೀಮ್ ಇಟ್ಟು ಗೋಡೆಗೆ ಆಂಕರ್ ಬೋಲ್ಟ್ ಹೊಡೆದರೆ ಸಾಕಾ? ಮಳೆಗೆ ಮೊದಲು ಮುಗಿಯಬೇಕು.

ಪಯಸ್ವಿನಿ:
ಸಾಲದು ಸರ್. ಬೀಮ್ ಬಾಗುತ್ತದೆ, ಗೋಡೆ ಬಾಗುವುದಿಲ್ಲ. ಕಾರು ಬಡಿದಾಗ ಬೀಮ್ ಜೋಳಿಗೆಯ ಹಾಗೆ ಒಳಸರಿದು, ಕಾರನ್ನು ನೇರ ಗೋಡೆಯ ಮೂತಿಗೇ ತಂದು ಬಿಡುತ್ತದೆ. ಹಾಗಾಗಿ ಸೇತುವೆ ಹತ್ತಿರವಾದಂತೆ ಪೋಸ್ಟ್ ಅಂತರ 1 ಮೀಟರ್, ಕೊನೆಯ ಮೂರು-ನಾಲ್ಕು ಅಂತರ ಅರ್ಧರ್ಧ ಮೀಟರ್ ಮಾಡಿ. ಅಷ್ಟು ಉದ್ದಕ್ಕೂ ಎರಡು ಬೀಮ್ ಒಂದರೊಳಗೊಂದು ಕೂರಿಸಿ. ತುದಿಗೆ ಎಂಡ್ ಶೂ, ಅಂದರೆ ಬೀಮನ್ನು ಗೋಡೆಗೆ ಬಿಗಿಯುವ ಚಪ್ಪಟೆ ಉಕ್ಕಿನ ತುಂಡು. ಆಂಕರ್ ನಂಬಬೇಡಿ; ಈಚೆಯಿಂದ ಆಚೆಗೆ ತೂತು ಕೊರೆದು 22 ಮಿ.ಮೀ. ಬೋಲ್ಟ್, ಹಿಂದೆ ದಪ್ಪ ಪ್ಲೇಟ್. ಗೋಡೆಯೊಳಗೆ ಕಂಬಿ ಎಲ್ಲಿದೆ ಎಂದು ನೋಡಿ ಕೊರೆಯಿರಿ. ಬೀಮಿಗೆ ಗ್ಯಾಸ್ ಕಟ್ಟರ್ ಮುಟ್ಟಿಸಬೇಡಿ, ಸುಟ್ಟ ಗ್ಯಾಲ್ವನೈಸಿಂಗ್ ನಮ್ಮ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಡ್ರಿಲ್ ಮಾಡಿ, ಅಂಚಿಗೆ ಸತುವಿನ ಪೇಂಟ್ ಹಚ್ಚಿ.

ಕುಂಬಳೆ ಬದಿ:
ಅದಕ್ಕೂ ಮೊದಲು ಗೋಡೆ ಸ್ವಲ್ಪ ಕೆತ್ತಿ ನೋಡಿ ಮಾರಾಯ್ರೆ. ಮೇಲೆ ಸಿಮೆಂಟ್ ಗಾರೆ, ಒಳಗೆ ಮುರಕಲ್ಲು ಇರುವುದುಂಟು. ನಟ್ ಬಿಗಿಯುತ್ತ ಹೋದರೆ ಪ್ಲೇಟೇ ಕಲ್ಲೊಳಗೆ ಇಳಿಯುತ್ತದೆ. ಹಾಗಿದ್ದರೆ ಗೋಡೆಯ ಮುಂದೆ ತನ್ನದೇ ಫೂಟಿಂಗ್ (ಅಡಿಪಾಯ) ಇರುವ ಆರ್‌ಸಿಸಿ ಬ್ಲಾಕ್ ಕಟ್ಟಿ ಶೂ ಅದಕ್ಕೆ ಕೂರಿಸಿ.

ಎತ್ತರವನ್ನು ಈಗಿನ ಡಾಮರಿನಿಂದ ಅಳೆಯಿರಿ: ಬೀಮಿನ ಮೇಲಂಚು 70 ಸೆಂ.ಮೀ. ಎರಡು ಸಲ 5 ಸೆಂ.ಮೀ. ಡಾಮರು ಬಿದ್ದಿದ್ದರೆ 60 ಮಾತ್ರ ಉಳಿದಿರುತ್ತದೆ, ಎತ್ತರದ ಗಾಡಿ ಹತ್ತಿ ಆಚೆ ಬೀಳುತ್ತದೆ.

ಮುಳ್ಳೇರಿಯ ಸೈಟ್:
ಸೇತುವೆ ಪಕ್ಕದ ಎರಡು ಪೋಸ್ಟ್ ಕೈಯಲ್ಲೇ ಅಲ್ಲಾಡುತ್ತವೆ. ಮತ್ತೆ, ನಾಲ್ಕೂ ಮೂಲೆಗೆ ಇದೇ ಬೇಕಾ?

ಪಯಸ್ವಿನಿ:
ವಿಂಗ್ ವಾಲ್ (ಸೇತುವೆ ತುದಿಯಲ್ಲಿ ಮಣ್ಣು ತಡೆಯುವ ಪಕ್ಕದ ಗೋಡೆ) ಹಿಂದಿನ ಮಣ್ಣು ಮಳೆನೀರಿಗೆ ಕೊಚ್ಚಿಹೋಗಿರಬೇಕು. 1.8 ಮೀಟರ್ ಪೋಸ್ಟಿನಲ್ಲಿ 1.1 ಮಣ್ಣೊಳಗಿರಬೇಕು, ಬೆನ್ನಿಗೆ ಇಳಿಜಾರು ಶುರುವಾಗುವ ಮೊದಲು 60 ಸೆಂ.ಮೀ. ಮಟ್ಟ ನೆಲ. ಅಷ್ಟು ಜಾಗವಿಲ್ಲದಿದ್ದರೆ ಉದ್ದದ ಪೋಸ್ಟ್. ಮೊದಲು ನೀರಿಗೆ ಬೇರೆ ದಾರಿ ಮಾಡಿ, ಆಮೇಲೆ ಮಣ್ಣು ತುಂಬಿ ದಮ್ಮಾಸು ಹಾಕಿ. ಫೂಟಿಂಗಿಗೆ ತಾಗಿತೆಂದು ಪೋಸ್ಟ್ ಕತ್ತರಿಸಿ ಕಾಂಕ್ರೀಟ್ ಮುದ್ದೆಯಲ್ಲಿ ನಿಲ್ಲಿಸುವವರಿದ್ದಾರೆ, ಅದು ಬರೀ ನೋಟಕ್ಕೆ.

ಎರಡೂ ದಿಕ್ಕಿಗೆ ಗಾಡಿ ಓಡುವ ರಸ್ತೆ, ಎದುರಿನ ಗಾಡಿ ಅಡ್ಡ ಬಂದೂ ಬಡಿಯಬಹುದು, ಆದ್ದರಿಂದ ನಾಲ್ಕಕ್ಕೂ ಬೇಕು. ಲ್ಯಾಪ್ (ಬೀಮ್, ಶೂ ಒಂದರ ಮೇಲೊಂದು ಕೂರುವ ಕ್ರಮ) ಮಾತ್ರ ಪಕ್ಕದ ಲೇನಿನ ಗಾಡಿ ಓಡುವ ದಿಕ್ಕು ನೋಡಿ ಮಾಡಿ: ಸೇತುವೆಗೆ ಹತ್ತುವಲ್ಲಿ ಶೂ ಮೇಲೆ ಬೀಮ್, ಇಳಿಯುವಲ್ಲಿ ಬೀಮ್ ಮೇಲೆ ಶೂ.